ಚಿಲ್ಲರೆ ಬಾಟಲಿಯ ನಾಣ್ಯಶಾಸ್ತ್ರ: ಡೊಂಬಿವಲಿಯ ಒಂದು ಹಾರ್ಲಿಕ್ಸ್ ಬಾಟಲಿಯ ಸಮಗ್ರ ಅಧ್ಯಯನ

1. ಪೀಠಿಕೆ

ಕರ್ನಾಟಕದ ನಾಣ್ಯಗಳ ಬಗ್ಗೆ ಎ.ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರು ಗ್ರಂಥಗಳನ್ನೇ ಬರೆದಿದ್ದಾರೆ. ಶಾತವಾಹನರ ಸೀಸ, ಕದಂಬರ ಪದ್ಮಟಂಕ, ವಿಜಯನಗರದ ವರಾಹ, ಮೈಸೂರಿನ ಕಂಠೀರಾಯ ಹಣ ಎಲ್ಲವೂ ಪರಿಶೀಲನೆಗೆ ಬಂದಿವೆ. ವಿದ್ವತ್ ಲೋಕದ ಕಣ್ಣಿಗೆ ಬೀಳದೆ ಉಳಿದದ್ದು ಒಂದೇ. ಅದು ಡೊಂಬಿವಲಿ ಪೂರ್ವದ ಮೂರನೇ ಮಹಡಿಯ ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಭರಣಿಯ ಹಿಂದೆ ಇರುವ ನಮ್ಮ ಸೋದರತ್ತೆಯ ಹಾರ್ಲಿಕ್ಸ್ ಬಾಟಲಿ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಾದಿಗೆ ಮಣ್ಣು ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಇತಿಹಾಸಕಾರರು ಇದನ್ನು ರೋಮಿನೊಡನೆ ನಡೆದ ವ್ಯಾಪಾರಕ್ಕೆ ಸಾಕ್ಷಿ ಎನ್ನುತ್ತಾರೆ. ಅವನ್ನು ಅಲ್ಲಿ ಕೂಡಿಟ್ಟವರು ಯಾರದೋ ಸೋದರತ್ತೆಯೇ ಇರಬಹುದೆಂಬ ಸಾಧ್ಯತೆಯನ್ನು ಯಾರೂ ಪರಿಶೀಲಿಸಿಲ್ಲ.

ಕಾನೂನಿನ ತೊಡಕನ್ನು ಮೊದಲೇ ಬಗೆಹರಿಸಿಕೊಳ್ಳುವುದು ಒಳ್ಳೆಯದು. 1878ರ ನಿಧಿ ಕಾಯಿದೆಯ ಪ್ರಕಾರ ಮಣ್ಣಿನಲ್ಲಿ ಹುದುಗಿದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಅಡುಗೆಮನೆಯ ಶೆಲ್ಫು ಮಣ್ಣಲ್ಲ. ಆದ್ದರಿಂದ ಇಲ್ಲಿ ಕಲೆಕ್ಟರಿಗೆ ಅಧಿಕಾರವಿಲ್ಲ, ಅತ್ತೆಯವರ ಅನುಮತಿಯೇ ಬೇಕು. ಕಲೆಕ್ಟರಾಗಿದ್ದರೆ ಕೆಲಸ ಬೇಗ ಆಗುತ್ತಿತ್ತು.

2. ಭೌಗೋಳಿಕ ವ್ಯಾಪ್ತಿ

ಒಂದೇ ಜಿಲ್ಲೆಯ ಆಸುಪಾಸಿನಲ್ಲಿ ನಾಲ್ಕು ಬಗೆಯ ಚಿಲ್ಲರೆ ಸಂಸ್ಕೃತಿಗಳನ್ನು ಗುರುತಿಸಬಹುದು. ಕಲ್ಯಾಣವನ್ನು ಮೊದಲನೆಯ ಶತಮಾನದ ಗ್ರೀಕ್ ಬರಹ ಪೆರಿಪ್ಲಸ್ ಬಂದರೆಂದು ಹೆಸರಿಸಿದೆ. ಇಷ್ಟು ಹಳೆಯ ಊರಿಗೆ ತಕ್ಕಂತೆ ಅಲ್ಲಿನ ನಮ್ಮ ನೆಂಟರು ನಾಣ್ಯಗಳನ್ನು ತಗಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಕಳೆದುಕೊಂಡಿದ್ದಾರೆ. ಠಾಣೆಯ ಘೋಡ್‌ಬಂದರ್ ರಸ್ತೆಯ ಎತ್ತರದ ಕಟ್ಟಡಗಳಲ್ಲಿ ನಾಣ್ಯಗಳು ಗಾಜಿನ ಬೋಗುಣಿಯಲ್ಲಿ, ಬಣ್ಣದ ಕಲ್ಲುಗಳ ಜೊತೆ, ಶೋಕೇಸಿನಲ್ಲಿವೆ. ಕೈಹಾಕಿದರೆ ಮನೆಯವರು ಬೇಜಾರಾಗುತ್ತಾರೆ. ಡೊಂಬಿವಲಿಯಲ್ಲಿ ಬಾಟಲಿ ಜೀವಂತ ಸಂಸ್ಥೆ. ಹಾಲಿನವನು, ಇಸ್ತ್ರಿಯವನು, ಶೇರ್ ರಿಕ್ಷಾದವನು ಎಲ್ಲರೂ ಅದರ ಫಲಾನುಭವಿಗಳು.

ನವಿಮುಂಬಯಿಯದು ದುಃಖದ ಕಥೆ. 1970ರಲ್ಲಿ ಹುಟ್ಟಿದ ಸಿಡ್ಕೋ ಇಡೀ ನಗರವನ್ನು ಸೆಕ್ಟರು ಸೆಕ್ಟರಾಗಿ ಯೋಜಿಸಿತು. ಚಿಲ್ಲರೆ ಬಾಟಲಿಗೆ ಮಾತ್ರ ಜಾಗ ಗುರುತಿಸಲಿಲ್ಲ. ಖಾರ್‌ಘರ್‌ನ ತಂಗಿ ಕೊತ್ತಂಬರಿ ಸೊಪ್ಪಿಗೂ ಫೋನಿನಲ್ಲೇ ಸ್ಕ್ಯಾನ್ ಮಾಡುತ್ತಾಳೆ. ಅಲ್ಲಿ ಅಳಿದುಳಿದ ನಾಣ್ಯಗಳನ್ನು, ಲೋಕಲ್ ಗಾಡಿ ವಾಶಿ ಖಾಡಿಯ ಸೇತುವೆ ದಾಟುವಾಗ, ಭಕ್ತರು ಕೈಮುಗಿದು ನೀರಿಗೆ ಎಸೆಯುತ್ತಾರೆ. ಭವಿಷ್ಯದ ನಾಣ್ಯಶಾಸ್ತ್ರಜ್ಞರಿಗೆ ಈಜು ಬರಬೇಕು.

3. ಉತ್ಖನನ ವಿಧಾನ

ಪುರಾತತ್ವದ ಮೂಲ ನಿಯಮ ಎಲ್ಲರಿಗೂ ಗೊತ್ತು: ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಡೊಂಬಿವಲಿಯಲ್ಲಿ ಈ ನಿಯಮ ನಡೆಯುವುದಿಲ್ಲ. ಅತ್ತೆಯ ಕಟ್ಟಡ ರೈಲು ಹಳಿಗೆ ಹತ್ತಿರ. ಫಾಸ್ಟ್ ಲೋಕಲ್ ಹಾದುಹೋದಾಗಲೆಲ್ಲ ಶೆಲ್ಫಿನ ಲೋಟಗಳು ಗಲಗಲ ಎನ್ನುತ್ತವೆ. ಅಲುಗಿಸಿದ ರಾಶಿಯಲ್ಲಿ ಸಣ್ಣವು ಸಂದಿನಲ್ಲಿ ಕೆಳಗೆ ಜಾರುತ್ತವೆ, ದೊಡ್ಡವು ಮೇಲೇರುತ್ತವೆ ಎಂಬುದು ಭೌತಶಾಸ್ತ್ರ ಒಪ್ಪಿದ ಮಾತು. ಪರಿಣಾಮವಾಗಿ ನಮ್ಮ ಬಾಟಲಿಯಲ್ಲಿ 2011ರ ಐವತ್ತು ಪೈಸೆ ತಳ ಸೇರಿತ್ತು, ಐದನೇ ಜಾರ್ಜನ ಕಾಲಾಣೆ ಅದರ ಮೇಲೆ ಆರಾಮವಾಗಿ ಕೂತಿತ್ತು. ಇಲ್ಲಿ ಕಾಲಕ್ರಮವನ್ನು ನಿರ್ಧರಿಸುವುದು ಮಧ್ಯ ರೈಲ್ವೆಯ ವೇಳಾಪಟ್ಟಿ.

ಆದ್ದರಿಂದ ಲೋಹ ಪರೀಕ್ಷೆಗೆ ಶರಣಾಗಬೇಕಾಯಿತು. ಪ್ರಯೋಗಾಲಯದ ಉಪಕರಣವಾಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅಯಸ್ಕಾಂತದ ಗಣಪತಿಯನ್ನು ಬಳಸಲಾಯಿತು. 1960ರ ದಶಕದ ನಿಕ್ಕಲ್ ರೂಪಾಯಿಯನ್ನು ಗಣಪತಿ ಎತ್ತಿಕೊಂಡ. 1980ರ ದಶಕದ ತಾಮ್ರ-ನಿಕ್ಕಲ್ ಮಿಶ್ರಲೋಹದ ರೂಪಾಯಿಯನ್ನು ಮೂಸಿಯೂ ನೋಡಲಿಲ್ಲ. 1992ರಿಂದ ಬಂದ ಉಕ್ಕಿನ ರೂಪಾಯಿಯನ್ನು ಮತ್ತೆ ಎತ್ತಿಕೊಂಡ. ದೇಶದ ಆರ್ಥಿಕ ಇತಿಹಾಸವನ್ನು ಇಷ್ಟು ಸಂಕ್ಷೇಪವಾಗಿ ಹೇಳಿದ ದೇವರು ಬೇರೊಬ್ಬನಿಲ್ಲ.

4. ತಿರಸ್ಕಾರ ಸಿದ್ಧಾಂತ

ಈ ಪ್ರಬಂಧದ ಮುಖ್ಯ ಪ್ರತಿಪಾದನೆ ಇದು: ನಾಣ್ಯ ಬಾಟಲಿಗೆ ಬೀಳುವುದು ಅದು ಅಪರೂಪದ್ದೆಂದಲ್ಲ, ಹೊರಗೆ ಯಾರೋ ಅದನ್ನು ಬೇಡವೆಂದರು ಎಂದು.

ಸಾಕ್ಷ್ಯಗಳು ಬಾಟಲಿಯಲ್ಲೇ ಇವೆ. 1957ರ ಏಪ್ರಿಲ್ 1ರಂದು ದಶಮಾನ ಪದ್ಧತಿ ಬಂತು. ಹದಿನಾರು ಆಣೆಯ ರೂಪಾಯಿ ನೂರು ನಯಾಪೈಸೆ ಆಯಿತು. ಒಂದಾಣೆಗೆ ಆರೂಕಾಲು ಪೈಸೆ ಎಂಬ ಲೆಕ್ಕ ಯಾವ ಅಂಗಡಿಯವನಿಗೂ ಹೊಂದಲಿಲ್ಲ, ಆಣೆಗಳು ಡಬ್ಬಿ ಸೇರಿದವು. 1964ರಲ್ಲಿ ಬಂದ ಆರು ಮೂಲೆಯ ಅಲ್ಯೂಮಿನಿಯಂ ಮೂರು ಪೈಸೆ ಮಳೆಗಾಲದ ಗಾಳಿಗೆ ಹಾರುವಷ್ಟು ಹಗುರ, ಅದೂ ಸೇರಿತು. 2011ರ ಜೂನ್ 30ಕ್ಕೆ ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನ ಎಲ್ಲ ನಾಣ್ಯಗಳ ಚಲಾವಣೆ ನಿಂತಿತು, ಬಾಟಲಿ ಕುತ್ತಿಗೆಯವರೆಗೆ ತುಂಬಿತು. ಹತ್ತು ರೂಪಾಯಿ ನಾಣ್ಯ ನಕಲಿ ಎಂಬ ಗಾಳಿಸುದ್ದಿ ಹಬ್ಬಿದಾಗ ಹದಿನಾಲ್ಕು ವಿನ್ಯಾಸಗಳೂ ಅಸಲಿಯೇ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಶೇರ್ ರಿಕ್ಷಾದವನು ಆ ಪ್ರಕಟಣೆ ಓದಿರಲಿಲ್ಲ.

ಐವತ್ತು ಪೈಸೆಯದು ಇನ್ನೂ ಸೂಕ್ಷ್ಮ ವಿಷಯ. ಅದು ಇಂದಿಗೂ ಚಲಾವಣೆಯಲ್ಲಿದೆ. 2011ರ ನಾಣ್ಯ ಕಾಯಿದೆಯಂತೆ ಹತ್ತು ರೂಪಾಯಿಯ ತನಕ, ಅಂದರೆ ಇಪ್ಪತ್ತು ಎಂಟಾಣೆಗಳನ್ನು ಎಣಿಸಿಕೊಟ್ಟರೂ ಅದು ಸಿಂಧು ಪಾವತಿ. ಡೊಂಬಿವಲಿ ಸ್ಟೇಷನ್ನಿನ ಹೊರಗಿನ ವಡಾಪಾವ್ ಗಾಡಿಯಲ್ಲಿ ಇದನ್ನು ಪರೀಕ್ಷಿಸಲಾಯಿತು. ಕಾಯಿದೆ ಸಂಶೋಧಕನ ಪರವಾಗಿತ್ತು, ವಡಾಪಾವ್ ಗಾಡಿಯವನ ಕೈಯಲ್ಲೇ ಉಳಿಯಿತು.

5. ವಿಶೇಷ ಮಾದರಿಗಳು

ಮಾದರಿ ಒಂದು: ಒಟ್ಟೆ ಮುಕ್ಕಾಲು. ಯುದ್ಧಕಾಲದಲ್ಲಿ ಲೋಹ ಉಳಿಸಲು ನಡುವೆ ತೂತು ಕೊರೆದು 1943ರಿಂದ 1947ರ ತನಕ ಟಂಕಿಸಿದ ಕಾಸು. ಇದರ ತೂತಿನಲ್ಲಿ ಕಪ್ಪು ನೂಲಿನ ಎಳೆ ಇನ್ನೂ ಉಳಿದಿದೆ. ಊರಿನಲ್ಲಿ ಯಾವ ಮಗುವಿನ ಉಡಿದಾರದಲ್ಲಿತ್ತೋ, ಆ ಮಗು ಈಗ ಪಿಂಚಣಿ ತಗೊಳ್ಳುತ್ತಿರಬೇಕು.

ಮಾದರಿ ಎರಡು: ಕಮಲದ ಇಪ್ಪತ್ತು ಪೈಸೆ, 1968ರಿಂದ 1971ರೊಳಗಿನದು. ಹಳದಿ ಬಣ್ಣದ ಕಾರಣ ಲಕ್ಷ್ಮೀಪೂಜೆಯ ತಟ್ಟೆಗೆ ಬಡ್ತಿ ಪಡೆದಿದೆ.

ಮಾದರಿ ಮೂರು: 1985ರ ರೂಪಾಯಿ. ದೇಶದ ನಾಣ್ಯಗಳಲ್ಲಿ ಸಾಮಾನ್ಯವಾಗಿ ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೊಲ್ಕತ್ತಾ. ನಮ್ಮದರ ಕೆಳಗೆ ಇಂಗ್ಲಿಷಿನ 'ಎಚ್' ಇದೆ. ಆ ವರ್ಷ ಇಲ್ಲಿನ ಟಂಕಸಾಲೆಗಳಿಗೆ ಪೂರೈಸಲಾಗದೆ ವಿದೇಶಗಳಲ್ಲೂ ನಾಣ್ಯ ಅಚ್ಚುಹಾಕಿಸಿದರು, ಇದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ಭೂತಗನ್ನಡಿಯಲ್ಲಿ ಇದನ್ನು ತೋರಿಸಿದಾಗ ಅತ್ತೆಯವರ ಪ್ರತಿಕ್ರಿಯೆ: "ವಿಲಾಯಿತಿಯಿಂದ ಬಂದರೂ ರೂಪಾಯಿ ಒಂದೇ ಅಲ್ವಾ ಮಾರಾಯ?"

ಮಾದರಿ ನಾಲ್ಕು: ಯುಎಇಯ ದಿರ್ಹಮ್, ಭಾವ ದುಬೈಯಲ್ಲಿದ್ದಾಗ ಬಂದದ್ದು. ಇದರ ಮೇಲಿನ ಅರಬ್ಬರ ಕಾಫಿ ಹೂಜಿಯನ್ನು ಅತ್ತೆಯವರು ಗಿಂಡಿ ಎಂದು ವರ್ಗೀಕರಿಸಿದ್ದಾರೆ.

ಮಾದರಿ ಐದು: ಅಂಗಿಯ ಗುಂಡಿ. ಕಾಲನಿರ್ಣಯ ಬಾಕಿ ಇದೆ.

6. ಮೌಲ್ಯನಿರ್ಣಯ

ಯೂಟ್ಯೂಬಿನ ಪ್ರಕಾರ ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷಗಟ್ಟಲೆ ಬೆಲೆ. 2012ರಲ್ಲಿ ಹೊರಬಂದ ಈ ನಾಣ್ಯ ನಮ್ಮ ಬಾಟಲಿಯಲ್ಲಿದೆ, ಲಕ್ಷ ಮಾತ್ರ ಇಲ್ಲ. ರಾಮ ಪಟ್ಟಾಭಿಷೇಕದ ಚಿತ್ರವಿರುವ '1818ರ ಈಸ್ಟ್ ಇಂಡಿಯಾ ಕಂಪನಿ' ಆಣೆಯೂ ಇದೆ. ಕಂಪನಿ ಸರಕಾರ ಅಂಥ ನಾಣ್ಯವನ್ನು ಚಲಾವಣೆಗೆ ತಂದದ್ದೇ ಇಲ್ಲ, ಇದು ಜಾತ್ರೆಯ ಬಿಲ್ಲೆ. ಹಳೆ ನಾಣ್ಯ ಕೊಳ್ಳುವ ವ್ಯವಹಾರ ತನ್ನದಲ್ಲ, ತನ್ನ ಹೆಸರಿನಲ್ಲಿ ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ.

ಆಸೆ ಉಳಿದದ್ದು ಐದನೇ ಜಾರ್ಜನ ಬೆಳ್ಳಿ ರೂಪಾಯಿಯಲ್ಲಿ. 1911ರ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಜನ ಗಲಾಟೆ ಮಾಡಿದರು. ಸರಕಾರ ಆ ನಾಣ್ಯಗಳನ್ನು ಹಿಂದೆಗೆದು, ಮುಂದಿನ ವರ್ಷ ಆನೆಗೆ ಸರಿಯಾದ ಸೊಂಡಿಲು ಕೊಟ್ಟಿತು. ಸಂಗ್ರಾಹಕರು ಇಂದು ಹುಡುಕುವುದು ಆ ಹಂದಿ ರೂಪಾಯಿಯನ್ನೇ. ಇಲ್ಲೂ ತಿರಸ್ಕಾರ ಸಿದ್ಧಾಂತಕ್ಕೆ ಜಯ.

ನಮ್ಮದು 1918ರದು. ಮುಂಬಯಿ ಕೋಟೆ ಪ್ರದೇಶದ ಫುಟ್‌ಪಾತಿನ ವ್ಯಾಪಾರಿ ಅದನ್ನು ತಿರುಗಿಸಿ ನೋಡಿದ. ಆ ವರ್ಷದ್ದು ರಾಶಿ ರಾಶಿ ಇವೆ ಎಂದ. ಅದಲ್ಲದೆ ಅತ್ತೆಯವರು ಪ್ರತಿ ದೀಪಾವಳಿಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಚಕ್ರವರ್ತಿಯ ಗಡ್ಡ ಬೋಳಿಸಿದ್ದಾರೆ. ಬ್ರಿಟಿಷ್ ಸಾಮ್ರಾಜ್ಯದ ವಿರುದ್ಧ ನಮ್ಮ ಕುಟುಂಬದ ಕೊಡುಗೆ ಇಷ್ಟು. ವ್ಯಾಪಾರಿ ನಾಣ್ಯವನ್ನು ತಕ್ಕಡಿಗಿಟ್ಟ. ಹನ್ನೊಂದೂವರೆ ಗ್ರಾಮಿನ ಮೇಲೆ ಸ್ವಲ್ಪ, ಬೆಳ್ಳಿಯ ದರ.

7. ಮುಡಿಪಿನ ಸಮಸ್ಯೆ

ಬಾಟಲಿಯ ತಳದಲ್ಲಿ ಅರಸಿನ ಬಟ್ಟೆಯ ಸಣ್ಣ ಗಂಟೊಂದಿದೆ. ಅತ್ತೆಯ ಅತ್ತೆ ಧರ್ಮಸ್ಥಳಕ್ಕೆಂದು ಕಟ್ಟಿಟ್ಟ ಮುಡಿಪು. ಬಟ್ಟೆಯ ಮೇಲಿಂದಲೇ ಬೆರಳಾಡಿಸಿದರೆ ಗಾತ್ರ ಬೆಳ್ಳಿ ರೂಪಾಯಿಯದೇ, ಅಂಚಿನ ಗೆರೆಗಳೂ ಸಿಗುತ್ತವೆ. ಇಸವಿ ಸಿಗುವುದಿಲ್ಲ. ಬಿಚ್ಚಿ ನೋಡುವ ವೈಜ್ಞಾನಿಕ ಅಗತ್ಯವನ್ನು ವಿವರಿಸಿದಾಗ ಅತ್ತೆಯವರು ಅಂತಿಮ ತೀರ್ಪು ಕೊಟ್ಟರು: "ಅದು ನಿಂದೂ ಅಲ್ಲ, ನಂದೂ ಅಲ್ಲ. ಮಂಜುನಾಥ ಸ್ವಾಮಿಯದ್ದು. ಕೆಳಗಿಡು." 1911 ಇರಬಹುದಾದ ಏಕೈಕ ಮಾದರಿ ಹೀಗೆ ನಾಣ್ಯಶಾಸ್ತ್ರದಿಂದ ಧರ್ಮಶಾಸ್ತ್ರಕ್ಕೆ ವರ್ಗವಾಯಿತು.

8. ಫಲಿತಾಂಶ

ಅಧ್ಯಯನಕ್ಕಾಗಿ ಬಾಟಲಿಯನ್ನು ಮನೆಗೆ ಒಯ್ಯುವಾಗ ಅತ್ತೆಯವರು ಐನೂರು ರೂಪಾಯಿ ಡಿಪಾಸಿಟ್ ತೆಗೆದುಕೊಂಡಿದ್ದರು. ಬಾಟಲಿ ಮರಳಿಸಿದ ದಿನ ನಾಣ್ಯಗಳನ್ನೆಲ್ಲ ಪೇಪರಿನ ಮೇಲೆ ಸುರಿದು, ಕನ್ನಡಕವನ್ನೂ ಹಾಕದೆ, ಒಂದು ನೋಟ ಹಾಯಿಸಿ, "ಅಂಗಿಯ ಗುಂಡಿ ಎಲ್ಲಿ?" ಎಂದರು. ಗುಂಡಿ ಸಿಗಲಿಲ್ಲ, ಡಿಪಾಸಿಟ್ ವಾಪಸಾಗಲಿಲ್ಲ. ಹಳೆಯ ನಾಣ್ಯಗಳಿಂದ ಸಾವಿರಾರು ಸಂಪಾದಿಸಬಹುದೆಂಬ ಹೇಳಿಕೆಗಳಲ್ಲಿ ದಾಖಲೆಸಹಿತ ಸಾಬೀತಾದ ಲಾಭ ಈವರೆಗೆ ಐನೂರು ರೂಪಾಯಿ. ಅದು ಅತ್ತೆಯವರದು.