ಎಳೆ ಎಣಿಸುವ ಕಾಕು

ಧಾರವಾಡದ ಸಾಧನಕೇರಿಯ ದಂಡೆಯಲ್ಲಿ ಮನೆ ಇದ್ದವರಿಗೆ ಎರಡು ಹಕ್ಕುಗಳು ತಾವಾಗಿಯೇ ಬರುತ್ತವೆ. ಬೇಂದ್ರೆ ಅಜ್ಜಾರು ನಮ್ಮ ಪಡಸಾಲ್ಯಾಗ ಕೂತು ಚಹಾ ಕುಡದು ಹೋಗಿದ್ದರು ಎಂದು ಹೇಳುವ ಹಕ್ಕು ಒಂದು. ಕೆರೆಗೆ ಬರುವ, ಕೆರೆಯಿಂದ ಏಳುವ, ಎದ್ದು ಕಾಂಪೌಂಡು ಹಾರುವ ಸಮಸ್ತ ಜೀವಿಗಳ ಮೇಲೆ ಆಡಳಿತ ನಡೆಸುವ ಹಕ್ಕು ಇನ್ನೊಂದು. ಮೊದಲನೆಯದನ್ನು ಕಾಕಾ ಚಲಾಯಿಸುತ್ತಾರೆ. ಎರಡನೆಯದು ಕಾಕುವಿನ ಸುಪರ್ದಿಗೆ ಸೇರಿದ್ದು.

ಕಾಕು ಎಂದರೆ ಯಾರೋ ಒಬ್ಬರು ಎಂದುಕೊಳ್ಳಬೇಡಿ. ಆ ಊರಿನ ಯಾವ ಓಣಿ ಹೊಕ್ಕರೂ ಒಬ್ಬ ಕಾಕು ಸಿಗುತ್ತಾರೆ. ವಯಸ್ಸು ಅರವತ್ತು ದಾಟಿ ಬಹಳ ದಿನವಾಗಿರುತ್ತದೆ, ಎಪ್ಪತ್ತನ್ನು ಮಾತ್ರ ಇನ್ನೂ ಒಪ್ಪಿಕೊಂಡಿರುವುದಿಲ್ಲ. ಮೂಗಿನ ತುದಿಯಲ್ಲಿ ಚಾಳೀಸು, ತೊಡೆಯ ಮೇಲೆ ಇಳಕಲ್ ಸೀರೆಯ ಸೆರಗು, ಪಕ್ಕದಲ್ಲಿ ಒಂದು ಕಾಲಕ್ಕೆ ಬಿಸ್ಕೀಟು ತುಂಬಿಕೊಂಡು ಬಂದಿದ್ದ ತಗಡಿನ ಡಬ್ಬಿ. ಅದರಲ್ಲಿ ರೇಷ್ಮೆದಾರದ ಲಡಿಗಳು. ಮಾಳಮಡ್ಡಿಯ ಕಾಕುವಿಗೆ ಕಸೂತಿ ಹಾಕುವಾಗ ಅಡ್ಡ ಬರುವವರೆಲ್ಲ ಮನುಷ್ಯರು: ಗ್ಯಾಸಿನವನು, ಕೊರಿಯರಿನವನು, ಆಚೆಮನೆಯ ವೈನಿ. ಕೆರೆಯ ದಂಡೆಯ ಕಾಕುವಿಗೆ ಆ ಸುಖ ಇಲ್ಲ. ಏಪ್ರಿಲ್ ಮುಗಿಯುತ್ತ ಬಂದಂತೆ ಸುತ್ತಲಿನ ಹಳ್ಳಕೊಳ್ಳ ಒಣಗಿ, ಬಾಯಾರಿದ ಜೀವವೆಲ್ಲ ಕೆರೆಯ ಕಡೆಗೆ ಮುಖ ಮಾಡುತ್ತದೆ. ಕೆರೆಗೆ ಹೋಗುವ ದಾರಿಯಲ್ಲಿ ಕಾಕುವಿನ ಕಟ್ಟೆ ಇದೆ.

ಕಸೂತಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಕಾಕು ಅರ್ಥವಾಗುವುದಿಲ್ಲ. ಬೇಂದ್ರೆಯವರಿಗೆ 1973ರ ಜ್ಞಾನಪೀಠ ತಂದದ್ದು 'ನಾಕುತಂತಿ'. ಕಾಕುವಿನ ಸಂಸಾರವೂ ನಾಕರ ಮೇಲೇ ನಿಂತಿದೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆ ಇಲ್ಲ, ಅಚ್ಚು ಇಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ, ರಥದ ಗಾಲಿ ಕಳಚುತ್ತದೆ, ಪಲ್ಲಕ್ಕಿ ಹೊತ್ತ ಭೋಯಿಗಳಲ್ಲಿ ಒಬ್ಬ ಗಿಡ್ಡನಾಗುತ್ತಾನೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿಯ ಸೂಜಿ ಒಂದೊಂದು ಹೊಲಿಗೆಯ ಜಾಗ ಬಿಟ್ಟು ಮುಂದೆ ಹೋಗುತ್ತದೆ. ತಿರುಗಿ ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಆಗ ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ.

ಕಾಕುವಿನ ಮಾತೂ ಗವಂತಿಯದೇ ಹೊಲಿಗೆ. ಮುಂಜಾನೆಯ ಚಹಾಕ್ಕೆ ಬೀಗರ ಮನೆಯ ಮದುವೆಯ ಸುದ್ದಿ ತೆಗೆದು, ನಡುನಡುವೆ ಜಾಗ ಬಿಟ್ಟುಕೊಂಡು ನವಲಗುಂದ, ಗದಗ, ಪುಣೆ ಎಲ್ಲ ಮುಟ್ಟಿ, ಸಂಜೆಯ ಚಹಾದ ಹೊತ್ತಿಗೆ ಬಿಟ್ಟ ಜಾಗ ತುಂಬುತ್ತ ಅದೇ ಮದುವೆಮಂಟಪಕ್ಕೆ ವಾಪಸು ಬರುತ್ತಾರೆ. ನಡುವೆ ಎದ್ದು ಹೋದವನಿಗೆ ಕತೆಯ ಅರ್ಧ ಹೊಲಿಗೆಯಷ್ಟೇ ಸಿಗುತ್ತದೆ, ವಧು ಯಾರು ಎಂಬುದು ಗೊತ್ತಾಗುವುದೇ ಇಲ್ಲ.

ಆದರೆ ಎಳೆ ಎಣಿಸುವಾಗ ಕಾಕು ಬೇರೆಯೇ ವ್ಯಕ್ತಿ. ಆಗ ಲೆಕ್ಕ ತಪ್ಪಿಸುವ ಅಧಿಕಾರ ಯಾರಿಗೂ ಇಲ್ಲ. ಫೋನು ಬಡಿದುಕೊಳ್ಳಲಿ, ಹಾಲು ಉಕ್ಕಲಿ, ಅಂಕಿ ಮುಂದಕ್ಕೆ ಹೋಗುತ್ತಲೇ ಇರಬೇಕು. ಒಂದು ಮಧ್ಯಾಹ್ನ ನಾವೆಲ್ಲ ಕಟ್ಟೆಯ ಮೇಲೆ ಊಟದ ಮಬ್ಬಿನಲ್ಲಿ ಕೂತಿದ್ದಾಗ ಆರಡಿಯ ಒಂದು ಕೇರೆಹಾವು ಹೂವಿನ ಕುಂಡಗಳ ಹಿಂದಿನಿಂದ ಹೊರಟು ಕಾಕುವಿನ ಚಾಪೆಯ ಅಂಚು ಸವರಿಕೊಂಡು ಕೆರೆಯ ಕಡೆ ಹೊರಟಿತು. ಮೊದಲು ನೋಡಿದವರು ಕಾಕುವೇ. ಅವರು ಅದನ್ನು ಪ್ರಕಟಿಸಿದ ರೀತಿ ಹೀಗೆ:

"ಹದಿನಾಲ್ಕು… ಹಾವದ… ಹದಿನೈದು… ಕಾಲ ಮ್ಯಾಲ ತಗೀರಿ… ಹದಿನಾರು… ಕ್ಯಾರಿಹಾವದು, ಏನೂ ಮಾಡೂದಿಲ್ಲ… ಹದಿನೇಳು… ಏಯ್ ತಮ್ಮಾ, ಬಾಗಲಾ ಹಾಕ್ಕೋ… ಹದಿನೆಂಟು."

ಹದಿನೆಂಟಕ್ಕೆ ಸೂಜಿ ಚುಚ್ಚಿದ ಮೇಲೆಯೇ ಅವರು ತಲೆ ಎತ್ತಿದ್ದು. ಅಷ್ಟು ಹೊತ್ತಿಗೆ ಕಟ್ಟೆಯ ಮೇಲೆ ಕಾಕುವನ್ನು ಬಿಟ್ಟು ಯಾರೂ ಉಳಿದಿರಲಿಲ್ಲ. ಪ್ರಾಣಿಗಳನ್ನು ಓಡಿಸುವ ಖಾತೆ ಹೊತ್ತಿರುವ ಕಾಕಾ ಪೇಪರಿನ ಸಮೇತ ಊಟದ ಟೇಬಲ್ಲಿನ ಮೇಲೆ ನಿಂತಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು ಅವರು. ಸಹಿ ಇಲ್ಲದೆ ಯಾರನ್ನೂ ಒಳಗೆ ಬಿಟ್ಟುಕೊಳ್ಳದ ಕಾಲದವರು.

ಕೇರೆಹಾವು ಸಜ್ಜನ. ಬಂತು, ಹೋಯಿತು. ಅಳಿಲಿನ ವಿಷಯ ಹಾಗಲ್ಲ. ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅದರ ಹಕ್ಕು ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ಅಳಿಲು ಇದನ್ನು ಓದಿದ ಹಾಗೆ ಕಾಣುವುದಿಲ್ಲ. ಗೂಡು ಕಟ್ಟುವ ಹಂಗಾಮಿನಲ್ಲಿ ಅದಕ್ಕೆ ತೆಂಗಿನ ನಾರು, ಹತ್ತಿ, ಚಿಂದಿ ಏನಾದರೂ ನಡೆಯುತ್ತದೆ. ಆದರೆ ಸಾಧನಕೇರಿಯ ಅಳಿಲಿಗೆ ರೇಷ್ಮೆಯ ರುಚಿ ಹತ್ತಿದೆ. ಕಾಕು ನೀರು ಕುಡಿಯಲು ಒಳಗೆ ಹೋದರೆ ಸಾಕು, ಡಬ್ಬಿಯಿಂದ ಒಂದು ಲಡಿ ಹೆಂಚಿನ ಸಂದಿಗೆ ಏರುತ್ತದೆ. ಕಾಕುವಿಗೆ ಸಿಟ್ಟು ಬಂದದ್ದು ಕಳುವಿಗಲ್ಲ.

"ನೋಡ್ರಿ, ಹಸರ ಇತ್ತು, ಕೆಂಪ ಇತ್ತು. ಎರಡೂ ಬಿಟ್ಟು ಜಾಂಬಳಿನ ಒಯ್ದದ. ಬಾಣಂತನಕ್ಕ ಜಾಂಬಳಿ ಯಾರರ ಹಾಸ್ತಾರೇನು?"

ಹೆಂಚಿನ ಸಂದಿಯಿಂದ ಇಳಿಬಿದ್ದ ನೇರಳೆಯ ದಾರ ಬೇಸಿಗೆಯುದ್ದಕ್ಕೂ ಗಾಳಿಗೆ ಆಡುತ್ತಿತ್ತು. ಅದನ್ನು ಎಳೆದು ತೆಗೆಯಲು ಕಾಕು ಯಾರಿಗೂ ಬಿಡಲಿಲ್ಲ. ಒಳಗೆ ಮರಿಗಳಿವೆ ಎಂದು ಹೊರಗೆ ಹೇಳಿದ ಕಾರಣ. ನಿಜವಾದ ಕಾರಣ, ಆ ಬಣ್ಣದ ಆಯ್ಕೆ ತಪ್ಪು ಎಂದು ಅಳಿಲಿಗೇ ಒಂದು ದಿನ ತಿಳಿಯಲಿ ಎಂಬುದು.

ಇನ್ನು ನವಿಲು. ಧಾರವಾಡದಲ್ಲಿ ನವಿಲಿಗೆ ಬರವಿಲ್ಲ; ವಿಶ್ವವಿದ್ಯಾಲಯದ ಆವರಣದಲ್ಲಂತೂ ಪಾಠ ತಪ್ಪಿಸಿಕೊಂಡ ಹುಡುಗರಿಗಿಂತ ಧೈರ್ಯವಾಗಿ ಓಡಾಡುತ್ತವೆ. ಮೇ ತಿಂಗಳಲ್ಲಿ ಗಂಡುನವಿಲಿನ ಗರಿ ಪೂರ್ತಿ ತುಂಬಿರುತ್ತದೆ, ಮಳೆಗಾಲ ಮುಗಿಯುವ ಹೊತ್ತಿಗೆ ಉದುರುವ ಸಂಪತ್ತು ಅದು. ಇರುವಷ್ಟು ದಿನ ಮೆರೆಯಬೇಕಲ್ಲ, ಹಿತ್ತಿಲಿಗೆ ಬಂದು ಕಾಕುವಿನ ಕೋತಂಬರಿ ಮಡಿಯಲ್ಲಿ ನಿಂತು ಕುಣಿಯುತ್ತದೆ. ಕಸೂತಿಯಲ್ಲಿ ನವಿಲು ಬಹಳ ಹಳೆಯ ಚಿತ್ತಾರ; ಆದರೆ ಎಳೆಯ ಲೆಕ್ಕದ ನವಿಲಾದ್ದರಿಂದ ಅದು ನೆಟ್ಟಗೆ, ಅಡ್ಡಕ್ಕೆ, ಓರೆಗೆ ಮಾತ್ರ ಇರುತ್ತದೆ, ಬಳುಕುವುದಿಲ್ಲ. ಇಂಥ ನವಿಲುಗಳನ್ನು ಐವತ್ತು ವರ್ಷ ಹಾಕಿದ ಕಣ್ಣಿಗೆ ಜೀವಂತ ನವಿಲು ಕಂಡರೆ ಏನನ್ನಿಸಬೇಕು?

"ಕುತ್ತಿಗಿ ಭಾಳ ಬಾಗ್ಯದ," ಎಂದರು ಕಾಕು, ಚಾಳೀಸಿನ ಮೇಲಿನಿಂದ ನೋಡಿ. "ಎಂಟ ಎಳಿಗೆ ಮುಗಸಬೇಕಾಗಿತ್ತು. ಯಾರೋ ಅವಸರದಾಗ ಹಾಕ್ಯಾರ."

ಕೋತಂಬರಿಯ ಸಲುವಾಗಿ ಕೋಲು ತೆಗೆದುಕೊಳ್ಳಲು ಹೋದರೆ ಕಾಕಾ ಒಳಗಿನಿಂದಲೇ ಕಾನೂನು ಓದುತ್ತಾರೆ. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲನೆಯ ಪಟ್ಟಿಯಲ್ಲೇ ಇದೆ, ಮುಟ್ಟಿದರೆ ಜೇಲು. "ಕೋತಂಬ್ರಿ ಯಾವ ಪಟ್ಟ್ಯಾಗ ಅದ?" ಎಂದು ಕಾಕು ಕೇಳಿದ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರವಿಲ್ಲ.

ಬೇಸಿಗೆಯ ದೊಡ್ಡ ಯುದ್ಧ ನಡೆಯುವುದು ಮಾಳಿಗೆಯ ಮೇಲೆ. ಶಂಡಿಗೆ, ಹಪ್ಪಳ, ಶಾವಿಗೆ ಹಳೆಯ ಸೀರೆಗಳ ಮೇಲೆ ಒಣಗುತ್ತವೆ. ಕಾಯುವ ಕೆಲಸ ಮೊಮ್ಮಕ್ಕಳದು: ಬೆಂಗಳೂರಿನ ಎರಡು, ನ್ಯೂ ಜರ್ಸಿಯಿಂದ ಬಂದದ್ದು ಒಂದು. ಬೆಂಗಳೂರಿನವು ಹಸಿ ಶಂಡಿಗೆ ಅರ್ಧ ತಿಂದು ಉಳಿದದ್ದನ್ನು ಕಾಯುತ್ತವೆ. ನ್ಯೂ ಜರ್ಸಿಯದು ಕರಿ ಮೂತಿಯ ಮುಸ್ಯಾ ಬಂದಾಗ ಓಡಿಸುವುದನ್ನು ಬಿಟ್ಟು ವಿಡಿಯೋ ಮಾಡುತ್ತದೆ. ಮುಸ್ಯಾ ಕೂಡ ಅದಕ್ಕೆ ಬೇಕಾದ ಹಾಗೆ ಕೂತು, ಶಂಡಿಗೆಯನ್ನು ಒಂದೊಂದಾಗಿ ತಿರುಗಿಸಿ ನೋಡಿ ತಿನ್ನುತ್ತದೆ.

ಒಂದು ಸಲ ಅದು ಶಂಡಿಗೆಯಿಂದ ತೃಪ್ತವಾಗದೆ ಕಟ್ಟೆಗಿಳಿದು, ಕಾಕು ತೆಗೆದಿಟ್ಟಿದ್ದ ಚಾಳೀಸನ್ನು ಎತ್ತಿಕೊಂಡು ಮಾವಿನ ಗಿಡ ಏರಿತು. ಅಲ್ಲಿ ಕೂತು ಒಂದು ಕಡೆಯ ಕಡ್ಡಿ ಕಡಿದು ನೋಡಿತು, ಗಾಜು ನೆಕ್ಕಿತು, ಬಾಲಕ್ಕೆ ಒರೆಸಿತು. ಕಾಕಾ ಕೆಳಗೆ ನಿಂತು ಅದಕ್ಕೆ ಹೇಳಿದ್ದು "ಹಂಗ ಮಾಡಬಾರದಪಾ" ಎಂದು. ಬಾಳೆಹಣ್ಣು ತೋರಿಸಿದ ಮೇಲೆ ಚಾಳೀಸು ಕೆಳಗೆ ಬಿತ್ತು, ಎರಡು ತುಂಡಾಗಿ.

ಹೊಸ ಚಾಳೀಸು ಬರುವುದಕ್ಕೆ ಒಂದು ವಾರ ಹಿಡಿಯಿತು. ಆ ವಾರ ಸೂಜಿ ಕೆಳಗಿಡುವುದು ಕಾಕುವಿನ ಜಾತಕದಲ್ಲಿ ಇರಲಿಲ್ಲ. ಬೆರಳಿನ ಅಂದಾಜಿನ ಮೇಲೆ ಹಾಕುತ್ತ ಹೋದರು. ಚಾಳೀಸು ಬಂದ ದಿನ ಸೆರಗು ಬಿಡಿಸಿ ನೋಡಿದರೆ ಅಂಬಾರಿ ಹೊತ್ತ ಆನೆಗೆ ಐದು ಕಾಲು. ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ನ್ಯೂ ಜರ್ಸಿ ಮಾತ್ರ ಎಣಿಸಿ ಹೇಳಿತು.

"ಐದನೇದು ಕಾಲಲ್ಲವಾ ತಂಗಿ, ಬಾಲ," ಎಂದರು ಕಾಕು. "ದೇವರ ಆನಿ ಬಾಲ ನೆಲಕ್ಕ ಹತ್ತತದ."

ಆ ಆನೆ ಈಗಲೂ ಸೆರಗಿನಲ್ಲಿದೆ. ಬಿಚ್ಚಿ ಹಾಕುವುದು ಸುಲಭವಿತ್ತು. ಆದರೆ ಮಂಗ್ಯಾ ಗೆದ್ದಿತು ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಇಷ್ಟೆಲ್ಲ ವೈರಿಗಳ ನಡುವೆ ಕಾಕುವಿಗೆ ಒಬ್ಬ ಅನುಯಾಯಿಯೂ ಉಂಟು, ಕಾಂಪೌಂಡಿನ ಮೇಲಿನ ಓತಿಕ್ಯಾತ. ಮೊದಲ ಅಡ್ಡಮಳೆ ಬಿದ್ದ ಮೇಲೆ ಗಂಡು ಓತಿಕ್ಯಾತದ ಗಂಟಲು ಕೆಂಪಾಗಿ, ಹೆಣ್ಣು ಮೆಚ್ಚಲಿ ಎಂದು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಕಾಕು ಇದನ್ನು ಸಮ್ಮತಿ ಎಂದು ತೆಗೆದುಕೊಂಡಿದ್ದಾರೆ. ಸೊಸೆಯ ಅಡುಗೆಯ ಬಗ್ಗೆ, ಈಗಿನ ಮಷೀನ್ ಕಸೂತಿಯ ಬಗ್ಗೆ ತಮ್ಮ ಅಭಿಪ್ರಾಯ ಹೇಳಿ ಅದರ ಕಡೆ ನೋಡುತ್ತಾರೆ. ಅದು ಹೌದು ಹೌದು ಎನ್ನುತ್ತದೆ. ಕಾಕಾ ಇಷ್ಟು ಮನಃಪೂರ್ವಕವಾಗಿ ಎಂದೂ ತಲೆ ಆಡಿಸಿದ್ದಿಲ್ಲ.

ಕಾಕು ತಮ್ಮ ಸಮಾನ ಎಂದು ಎಣಿಸಿದ್ದು ಒಂದೇ ಜೀವಿಯನ್ನು. ಹಿತ್ತಿಲಿನ ದಾಸವಾಳದ ಮಗ್ಗುಲಲ್ಲಿ ಅಗಲ ಎಲೆಯ ಗಿಡವೊಂದಿದೆ. ಅದರಲ್ಲಿ ಸಿಂಪಿಗ ಗೂಡು ಮಾಡಿತ್ತು. ಬಾಲ ನಿಗುರಿಸಿಕೊಂಡು ಓಡಾಡುವ, ಮುಷ್ಟಿಯಲ್ಲಿ ಹಿಡಿಸುವಷ್ಟು ಚಿಕ್ಕ ಹಕ್ಕಿ. ಗಂಟಲು ಮಾತ್ರ ಸಂತೆಯದು. ಹೆಣ್ಣುಹಕ್ಕಿ ಎಲೆಯ ಎರಡು ಅಂಚುಗಳನ್ನು ಹತ್ತಿರ ತಂದು, ಕೊಕ್ಕಿನಿಂದ ತೂತು ಕೊರೆದು, ಹತ್ತಿಯ ಎಳೆಯನ್ನೋ ಜೇಡರ ಬಲೆಯನ್ನೋ ಅದರಲ್ಲಿ ತೂರಿಸುತ್ತದೆ. ಆಚೆ ಬಂದ ತುದಿ ಅರಳಿಕೊಂಡು ತೂತಿನಲ್ಲಿ ಕಚ್ಚಿ ನಿಲ್ಲುತ್ತದೆ. ಗಂಟು ಇಲ್ಲ.

ಇದನ್ನು ನೋಡಲು ಕಾಕು ಸೂಜಿ ಸೆರಗಿಗೆ ಚುಚ್ಚಿ ಎದ್ದು ಬಂದರು. ಹಾವಿಗೆ ಏಳದವರು ಹಕ್ಕಿಗೆ ಎದ್ದರು. ದೂರದಿಂದಲೇ ಬಗ್ಗಿ ಎಲೆಯ ಹೊರಮೈ ನೋಡಿದರು, ಕೆಳಗಿನಿಂದ ಇಣುಕಿ ಒಳಮೈ ನೋಡಿದರು. ಅವರು ಸೊಸೆಯನ್ನು ನೋಡಲು ಹೋದಾಗಲೂ ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲವೆಂದು ಕಾಕಾ ಆಮೇಲೆ ಹೇಳಿದರು.

"ಹಿಂದ ಮುಂದ ಒಂದ ಥರಾ ಇಲ್ಲ. ಗವಂತಿ ಬರೂದಿಲ್ಲ ಇಕಿಗೆ," ಎಂದು ತೀರ್ಪು ಕೊಟ್ಟರು. ಸ್ವಲ್ಪ ತಡೆದು, "ಆದ್ರ ಗಂಟ ಹಾಕಿಲ್ಲ ನೋಡ್ರಿ. ಛಲೋ ಮನಿತನದಾಕಿ."

ಅಂದಿನಿಂದ ಕತ್ತರಿಸಿದ ದಾರದ ತುಣುಕುಗಳನ್ನು ಕಾಕು ಎಸೆಯುವುದನ್ನು ಬಿಟ್ಟು ಆ ಗಿಡದ ಬುಡದಲ್ಲಿ ಇಟ್ಟು ಬರುತ್ತಾರೆ. ಸಿಂಪಿಗ ಅವನ್ನು ಮುಟ್ಟುವುದಿಲ್ಲ. ಅಳಿಲು ಒಯ್ಯುತ್ತದೆ.

ಜೂನ್ ಬಂದು ಕೆರೆಗೆ ನೀರು ಏರತೊಡಗಿದಾಗ ಮಗನ ಫೋನು ಬರುತ್ತದೆ. ಬೆಂಗಳೂರಿನಲ್ಲಿ ಹದಿನಾಲ್ಕನೆಯ ಮಹಡಿಯಲ್ಲಿ ಅವನ ಮನೆ. ಹಾವಿಲ್ಲ, ಮಂಗನಿಲ್ಲ, ಕಿಟಕಿಗಳಿಗೆಲ್ಲ ಜಾಳಿಗೆ. ನೆಮ್ಮದಿಯಿಂದ ಕೂತು ಕಸೂತಿ ಹಾಕಬಹುದು ಎನ್ನುತ್ತಾನೆ. ಅವನ ಮನಸ್ಸು ನೋಯಬಾರದೆಂದು ಕಾಕು ಒಮ್ಮೆ ಹೋಗಿಯೂ ಬಂದರು. ಎರಡು ವಾರ ತುಂಬುವ ಮೊದಲೇ ಗಂಟುಮೂಟೆ ಸಮೇತ ಸಾಧನಕೇರಿಯಲ್ಲಿ ಇಳಿದರು. ಯಾಕೆ ಎಂದು ಓಣಿಯೆಲ್ಲ ಕೇಳಿತು. ಸೊಸೆಯ ಬಗ್ಗೆ ಏನಾದರೂ ಸಿಕ್ಕೀತು ಎಂಬ ಆಸೆ ಓಣಿಗೆ.

"ಅಲ್ಲೆ ಎಳಿ ತಪ್ಪಸವ್ರ ಯಾರೂ ಇಲ್ಲವಾ," ಎಂದರು ಕಾಕು. "ಹಂಗ ಕೂತರ ಸೀರಿ ಲಗೂನ ಮುಗದ ಹೋಗ್ತದ."

ಆ ಸೀರೆ ಮೊದಲು ಮಗಳ ಮದುವೆಗೆಂದು ಹಿಡಿದದ್ದು. ಆಮೇಲೆ ಮೊಮ್ಮಗಳ ನಾಮಕರಣಕ್ಕೆ ಎಂದಾಯಿತು. ಈಗ ಆ ಮೊಮ್ಮಗಳ ಮದುವೆಗೆ ಎಂದು ಹೇಳುತ್ತಾರೆ. ಅದು ನ್ಯೂ ಜರ್ಸಿಯಲ್ಲಿ ಮೂರನೆಯ ಇಯತ್ತೆ ಓದುತ್ತಿದೆ. ಗೋಪುರ, ತುಳಸಿಕಟ್ಟೆ, ರಥ, ಐದು ಕಾಲಿನ ಆನೆ ಎಲ್ಲ ಆಗಿ, ನವಿಲಿನ ಸಾಲಿಗೆ ಬಂದು ನಿಂತಿದೆ.

ನೀವು ಮೇ ತಿಂಗಳಲ್ಲಿ ಆ ಕಡೆ ಹೋಗುವವರಿದ್ದರೆ ಸೀರೆ ಯಾವಾಗ ಮುಗಿಯುತ್ತದೆ ಎಂದು ಮಾತ್ರ ಕೇಳಬೇಡಿ. ಬೇಕಾದರೆ ಸೆರಗು ತಿರುವಿ ಹಿಂಬದಿ ನೋಡಿ, ಗಂಟು ಸಿಗುತ್ತದೆಯೇ ಹುಡುಕಿ. ಕಾಕುವಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅವರು ಅಂಕಿ ಹೇಳುತ್ತಿದ್ದರೆ ಬಾಗಿಲಲ್ಲೇ ನಿಲ್ಲಿ. ಅಂಕಿಗಳ ನಡುವೆ "ಹಾವದ" ಎಂದು ಕೇಳಿಸಿದರೆ ನಿಲ್ಲಬೇಡಿ. ಚಾಳೀಸು ಹಾಕಿಕೊಳ್ಳುವವರು ಅದನ್ನು ಕಿಸೆಯಲ್ಲಿ ಇಟ್ಟುಕೊಳ್ಳಿ, ಬಾಳೆಹಣ್ಣನ್ನು ಕೈಯಲ್ಲಿ ಹಿಡಿದುಕೊಳ್ಳಿ.