ಮೌನ ರಾತ್ರಿಯೂ ನನ್ನ ತಾಳವೂ

ತಪ್ಪು ಇಲಿಯದು. ಧನುರ್ಮಾಸ ಹಿಡಿಯುವ ಹಿಂದಿನ ದಿನವೇ ಅದು ನಮ್ಮ ಭಜನಾ ಮಂಡಳಿಯ ಹಾರ್ಮೋನಿಯಂ ತಿದಿ ಕಡಿಯದಿದ್ದರೆ, ನಾನು ಡಿಸೆಂಬರ್ ಚಳಿಯಲ್ಲಿ ತಲೆಗೆ ಮಫ್ಲರ್ ಸುತ್ತಿಕೊಂಡು, ತುಮಕೂರಿನ ಯಾರದೋ ಮನೆ ಗೇಟಿನ ಮುಂದೆ ನಿಂತು ಯೇಸುಸ್ವಾಮಿಯ ಜೋಗುಳ ಕೆಡಿಸುತ್ತಿರಲಿಲ್ಲ.

ಎಸ್.ಎಸ್. ಪುರಂನಲ್ಲಿ ನಮ್ಮ ಪಕ್ಕದ ಮನೆಯ ಮೇಷ್ಟ್ರು ಚರ್ಚಿನ ಕ್ವೈರ್‌ನಲ್ಲಿ ದಪ್ಪ ದನಿಯವರು. "ಬೆಳಗಿನ ಜಾವ ನಾಲ್ಕೂವರೆಗೆ ನಿಮ್ಮ ಭಜನೆ ನಾವು ಕೇಳ್ತೀವಲ್ಲ ಸಾರ್, ಒಂದು ಸಂಜೆ ನಮ್ಮ ಕ್ಯಾರಲ್ಸ್ ನೀವೂ ಕೇಳಿ" ಅಂದರು. ಇದರಲ್ಲಿ ಆಹ್ವಾನ ಎಷ್ಟು, ದೂರು ಎಷ್ಟು ಅಂತ ನನಗೆ ಇವತ್ತಿಗೂ ಬಗೆಹರಿದಿಲ್ಲ. ಹೋದೆ. ಕರೆದದ್ದು ಕೇಳುವುದಕ್ಕೆ. ಆದರೆ ಮೂವತ್ತು ವರ್ಷ ಭಜನೆಯಲ್ಲಿ ಕೂತವನ ಕೈ ಸುಮ್ಮನಿದ್ದೀತೇ? ಜುಬ್ಬದ ಜೇಬಿಗೆ ಒಂದು ಜೊತೆ ಕಂಚಿನ ತಾಳ ಇಳಿಬಿಟ್ಟುಕೊಂಡೇ ಹೊರಟೆ.

ಮೊದಲ ಮೂರು ಮನೆ ಸಲೀಸು. 'ಜಿಂಗಲ್ ಬೆಲ್ಸ್'ಗೆ ತಾಳ ಹೇಳಿ ಮಾಡಿಸಿದ ಹಾಗೆ ಕೂತಿತು. ಗಿಟಾರ್ ಹುಡುಗ "ಸೂಪರ್ ಅಂಕಲ್" ಅಂದ. ನಾನು ಕೆಟ್ಟದ್ದು ಅಲ್ಲೇ.

ನಾಲ್ಕನೆಯ ಮನೆಯಲ್ಲಿ ಬಾಣಂತಿ ಇದ್ದಳು. ಬೀದಿದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ಮೇಷ್ಟ್ರು ಕೈಯೆತ್ತಿದರು, ಎಲ್ಲರೂ ದನಿ ತಗ್ಗಿಸಿ 'ಸೈಲೆಂಟ್ ನೈಟ್' ಅನ್ನು ಕನ್ನಡದಲ್ಲಿ ಶುರು ಮಾಡಿದರು. ಎಂಥ ಹಾಡು ಅಂತೀರಿ! ಕೆರೆಯ ನೀರು ದಡಕ್ಕೆ ತಾಗಿ ಹಿಂದೆ ಸರಿದ ಹಾಗೆ. ನಾನು ಕಣ್ಣು ಮುಚ್ಚಿದೆ, ಕೈ ತಾನಾಗಿ ಜೇಬಿಗೆ ಹೋಯಿತು. ಕ್ಲಣ್.

ಅವರು ಹಾಡುತ್ತಿದ್ದದ್ದು ಮೂರು ಮೂರರ ನಡೆ. ನನ್ನ ಕೈ ಹುಟ್ಟಾ ಆದಿತಾಳದ್ದು, ನಾಲ್ಕಕ್ಕೊಂದು ಏಟು ಬೀಳಲೇಬೇಕು. ಹೀಗಾಗಿ ಅವರೂ ನಾನೂ ಹನ್ನೆರಡಕ್ಕೊಮ್ಮೆ, ಗುಬ್ಬಿ ಸ್ಟೇಷನ್ನಿನಲ್ಲಿ ಕ್ರಾಸಿಂಗ್‌ಗೆ ನಿಂತ ಎರಡು ರೈಲುಗಳ ಹಾಗೆ, ಒಬ್ಬರನ್ನೊಬ್ಬರು ನೋಡಿಕೊಂಡು ಮತ್ತೆ ನಮ್ಮ ನಮ್ಮ ದಿಕ್ಕಿಗೆ ಹೊರಡುತ್ತಿದ್ದೆವು. ಸೇರಿದಾಗಲೆಲ್ಲ 'ಈಗ ಸರಿಹೋಯ್ತು' ಎಂಬ ಧೈರ್ಯ ಬರುತ್ತಿತ್ತು, ಇನ್ನೂ ಜೋರಾಗಿ ಹೊಡೆಯುತ್ತಿದ್ದೆ. ಎರಡನೆಯ ಚರಣಕ್ಕೆ ತಪ್ಪು ಹೊಳೆಯಿತು. ನಿಲ್ಲಿಸಬಹುದಿತ್ತು. ಆದರೆ ನಡುವೆ ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡ ಹಾಗಲ್ಲವೇ? ತಿದ್ದಿಕೊಳ್ಳಲು ಹೋಗಿ ಐದಕ್ಕೊಂದು ಹೊಡೆದೆ. ಸಾಲದ್ದಕ್ಕೆ ಕಂಚಿಗೆ ಒಂದು ದುರ್ಗುಣವಿದೆ, ಹೊಡೆದು ಬಿಟ್ಟ ಮೇಲೂ ಬಾಯಿ ಮುಚ್ಚುವುದಿಲ್ಲ. ಮಫ್ಲರಿನಲ್ಲಿ ಅದುಮಿದೆ. ಅಷ್ಟು ಹೊತ್ತಿಗೆ ಎದುರು ಮನೆಯ ನಾಯಿ ಎದ್ದಿತ್ತು, ಅದರ ಹಿಂದೆ ಬಾಣಂತಿಯ ಮಗುವೂ. ಮಲಗಿದ ಕೂಸಿನ ಮೇಲೆ ಕಟ್ಟಿದ ಹಾಡಿಗೆ ಮಲಗಿದ್ದ ಕೂಸನ್ನು ಎಬ್ಬಿಸಿದ ಕೀರ್ತಿ, ತುಮಕೂರು ಜಿಲ್ಲೆಯ ಮಟ್ಟಿಗಾದರೂ, ನನ್ನದೇ ಇರಬೇಕು. ಮೇಷ್ಟ್ರು ಏನೂ ಅನ್ನಲಿಲ್ಲ. ಗೇಟು ದಾಟಿದ ಮೇಲೆ ಕೈ ಚಾಚಿದರು. ತಾಳ ಕೊಟ್ಟೆ. ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು.

ಅವಮಾನಕ್ಕೆ ನಿದ್ದೆ ಬರಲಿಲ್ಲ, ಮೊಬೈಲ್ ಹಿಡಿದು ಕೂತೆ. ಆಮೇಲೆ ಇಡೀ ವಾರ ಅದೇ ಚಟ. 'ಸೈಲೆಂಟ್ ನೈಟ್' ಮೊದಲು ಹಾಡಿದ್ದು 1818ರ ಡಿಸೆಂಬರ್ 24ಕ್ಕೆ, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಲ್ಲಿ. ಪಾದ್ರಿ ಯೋಸೆಫ್ ಮೋರ್ ಬರೆದ ಪದ್ಯಕ್ಕೆ ರಾಗ ಕೂರಿಸಿದವನು ಫ್ರಾನ್ಸ್ ಗ್ರೂಬರ್ ಎಂಬ ಶಾಲಾ ಮೇಷ್ಟ್ರು, ಪಕ್ಕವಾದ್ಯ ಗಿಟಾರು. ಚರ್ಚಿನ ಆರ್ಗನ್ನನ್ನು ಇಲಿ ಕಡಿದಿತ್ತು, ಅದಕ್ಕೇ ಗಿಟಾರು ಅನ್ನುವುದು ಆಮೇಲೆ ಹುಟ್ಟಿದ ಕಟ್ಟುಕಥೆಯಂತೆ. ನಮ್ಮ ಮಂಡಳಿಯ ಇಲಿ ಮಾತ್ರ ನಿಜ.

ಮೊಮ್ಮಗಳು "ಇದು ಹೊಸದು ತಾತ" ಅಂತ ಮರಾಯಾ ಕ್ಯಾರಿಯ ಹಾಡು ಹಾಕಿಕೊಟ್ಟಳು. ನೋಡಿದರೆ 1994ರದು, ಅವಳಿಗಿಂತ ಹಳೆಯದು. ಉಡುಗೊರೆ ಬೇಡ, ನಲ್ಲನೊಬ್ಬ ಸಾಕು ಅನ್ನುತ್ತಾಳೆ ನಾಯಕಿ. "ಇದು ಜಾವಳಿ ಕಣೇ" ಅಂದೆ. 1857ರಲ್ಲಿ ಅಚ್ಚಾದ 'ಜಿಂಗಲ್ ಬೆಲ್ಸ್'ನಲ್ಲಂತೂ ಕ್ರಿಸ್ಮಸ್ ಎಂಬ ಮಾತೇ ಇಲ್ಲ. ಹಿಮದಲ್ಲಿ ಜಾರುವ ಗಾಡಿ, ಬಡಕಲು ಕುದುರೆ, ಪಕ್ಕದಲ್ಲೊಬ್ಬ ಹುಡುಗಿ, ಕೊನೆಗೆ ಗಾಡಿ ಪಲ್ಟಿ. ಅಪ್ಪಟ ಜಟಕಾ ಹಾಡು! ಕುಣಿಗಲ್ಲಿಗೆ ಊಟಕ್ಕೆ ಹೋದಾಗ ಇದನ್ನು ಭಾವಮೈದುನನಿಗೆ ವಿವರಿಸಿದೆ. "ನಮ್ಮೂರ ಫಾರಂನಲ್ಲಿ ಕುದುರೆಗೇನೂ ಬರವಿಲ್ಲ ಭಾವ, ಹಿಮ ನೀವು ತನ್ನಿ" ಅಂದ.

ಸುದ್ದಿ ಮಂಡಳಿಗೆ ಮುಟ್ಟಿತು. ಜೊತೆಯಲ್ಲಿ ಎಷ್ಟೋ ವರ್ಷ ಹಾಡಿದವನೊಬ್ಬ, "ಅಲ್ಲಿಗೂ ಹೋಗ್ತೀರಂತೆ?" ಅಂದ. 'ಅಲ್ಲಿಗೂ' ಎಂಬಲ್ಲಿ ಒಂದು ಮಣ ಭಾರ. ಹಾರ್ಮೋನಿಯಂ 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಆದದ್ದು, ಪಾದ್ರಿಗಳ ಜೊತೆ ಇಲ್ಲಿಗೆ ಬಂದದ್ದು, ನೆಲದ ಮೇಲೆ ಕೂತು ನುಡಿಸುವ ಹಾಗೆ ಅದನ್ನು ಮಾಡಿದವನು ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅಂತೆಲ್ಲ ಹೇಳಿದೆ. "ನಿನ್ನ ಲೆಕ್ಕದಲ್ಲಿ ಇಲಿ ಮಾಡಿದ್ದು ಧರ್ಮಕಾರ್ಯ" ಅಂದೆ. ಅವನು ನಗಲಿಲ್ಲ. ಮೊದಲೆಲ್ಲ ನಗುತ್ತಿದ್ದ.

ಇದೇನು ನಿನ್ನೆ ಮೊನ್ನೆ ಬಂದ ಸಂಗೀತವೇ? ವೆಸ್ಲಿಯನ್ ಮಿಷನ್ನಿನ ವಿಲಿಯಂ ಆರ್ಥರ್ 1839ರಲ್ಲಿ ಈ ಕಡೆ ಬಂದು ನಮ್ಮ ಗುಬ್ಬಿಯಲ್ಲಿದ್ದ, ಊರಿಗೆ ಮರಳಿ 1847ರಲ್ಲಿ ಮೈಸೂರು ಸೀಮೆಯ ಮೇಲೆ ಪುಸ್ತಕ ಬರೆದ. ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅಂದರೆ ಕಂಪನಿಗಿಂತ ಕೀರ್ತನೆ ಹಳೆಯದು. ಆ ವೆಸ್ಲಿ ಮನೆತನದ ಚಾರ್ಲ್ಸ್ ಬರೆದ 'ಹಾರ್ಕ್ ದ ಹೆರಾಲ್ಡ್' 1739ರದು. ಅದರ ಈಗಿನ ಮಟ್ಟು ಮೆಂಡೆಲ್‌ಸನ್ 1840ರಲ್ಲಿ ಗುಟೆನ್‌ಬರ್ಗನ ಅಚ್ಚುಯಂತ್ರದ ಉತ್ಸವಕ್ಕೆಂದು ಕಟ್ಟಿದ್ದು. ದೇವರ ಹಾಡಿಗೆ ಇದು ಒಗ್ಗುವುದಿಲ್ಲ ಅಂತ ಅವನೇ ಹೇಳಿದ್ದನಂತೆ. ಅವನು ತೀರಿಕೊಂಡ ಮೇಲೆ, 1855ರಲ್ಲಿ, ಇನ್ನೊಬ್ಬ ಎರಡನ್ನೂ ಗಂಟು ಹಾಕಿದ.

ರಾತ್ರಿ ಒಂದು ಗಂಟೆಗೆ ಅದನ್ನು ಹಾಕಿಕೊಂಡೆ. ಎರಡನೆಯ ಸಾಲಿಗೇ ಎದ್ದು ಕೂತೆ. ಇದು ಅಪ್ಪನ ಹಾಡು.

ಅಪ್ಪ ಗುಬ್ಬಿಯವನು. ಒಂದು ಸಣ್ಣ ನಾಟಕ ಕಂಪನಿಯಲ್ಲಿ ನಾಲ್ಕು ವರ್ಷ ಹಾರ್ಮೋನಿಯಂಗೆ ಕೂತು, ಸಂಬಳ ಬರದೆ ಬಿಟ್ಟವನು. ಕ್ಷೌರ ಮಾಡಿಕೊಳ್ಳುವಾಗ ಒಂದು ಮಟ್ಟು ಗುನುಗುತ್ತಿದ್ದ. ಕೇಳಿದರೆ "ಕೃಷ್ಣನ ಪ್ರವೇಶದ್ದು ಕಣೋ" ಅನ್ನುತ್ತಿದ್ದ. ಇಷ್ಟು ವರ್ಷ ಹಾಗೇ ನಂಬಿದ್ದೆ. ಎಲ್ಲಿ ಕೇಳಿದ್ದ? ಯಾವ ಡಿಸೆಂಬರಿನಲ್ಲಿ, ಯಾವ ಗೋಡೆಯಾಚೆ ನಿಂತು? ಕೇಳೋಣವೆಂದರೆ ಅಪ್ಪ ಹೋಗಿ ಹತ್ತೊಂಬತ್ತು ವರ್ಷ.

ತಿದಿ ರಿಪೇರಿಯಾಗಿ ಬಂದ ದಿನ ಬೆಳಿಗ್ಗೆ, ಮಂಡಳಿಗೆ ಒಯ್ಯುವ ಮೊದಲು, ಮನೆಯಲ್ಲೇ ಅದನ್ನು ನುಡಿಸಿದೆ. ಎರಡು ಸಲ ಸ್ವರ ತಪ್ಪಿ ಮೂರನೆಯ ಸಲ ಕೂತಿತು. ಅಡುಗೆಮನೆಯಿಂದ ಸೌಟಿನ ಸದ್ದು ನಿಂತಿತು.

"ಮಾವನವರ ಹಾಡಲ್ವೇನ್ರೀ ಇದು?"

"ಹೌದು ಕಣೆ, ಕೃಷ್ಣನ ಪ್ರವೇಶ" ಅಂದೆ.

"ಕೃಷ್ಣ ಆಮೇಲೆ ಬರ್ಲಿ. ಹುಗ್ಗಿ ಆರ್ತಾ ಇದೆ, ಬನ್ನಿ."