ಹೊಂಟೀರೇನು ಹೈದರಾಬಾದಿಗೆ?

ಬೆನ್ನಿಗೊಂದು ಬ್ಯಾಗು, ಕೊರಳಾಗೊಂದು ಕ್ಯಾಮೆರಾ, ಜೋಡಿಗೆ ನಾಲ್ಕು ಮಂದಿ ದೋಸ್ತರು. ಭೇಷ್! ನಮ್ಮ ಬೀದರ್, ಕಲಬುರಗಿ ಕಡೆ ಯಾರರ ಹಿಂಗ ಬ್ಯಾಗ್ ಹಿಡಕೊಂಡು ಹೈದರಾಬಾದ್ ಬಸ್ ಹತ್ತಿದ್ರ ಮಂದಿ ಕೇಳೋ ಮೊದಲ್ನೇ ಮಾತು, "ಯಾರಿಗೇನಾಗ್ಯಾದ್ರಿ?" ನಮಗ ಆ ಊರು ಅಂದ್ರ ದೊಡ್ಡ ದವಾಖಾನಿ, ಇಲ್ಲಾ ಮದುವಿ ಜವಳಿ. (1956ರ ತನಕ ನಮ್ಮ ರಾಜಧಾನಿನೂ ಅದೇ ಇತ್ತು, ಮರೀಬ್ಯಾಡ್ರಿ.) ಸುಮ್ನ ತಿರುಗಾಡ್ಲಾಕ ಹೊಂಟೀವಿ ಅಂದ್ರ ನಮ್ಮ ಕಾಕಾ ನಂಬಂಗೇ ಇಲ್ಲ.

ಆದ್ರ ನೀವು ಬ್ಯಾಕ್‌ಪ್ಯಾಕರ್! ಯೂಟ್ಯೂಬಿನಾಗ ಯಾವನೋ ಹುಡುಗ ಒಂದೇ ಬ್ಯಾಗಿನಾಗ ಪ್ರಾಗ್, ಬುಡಾಪೆಸ್ಟ್ ಸುತ್ತಿದ್ದು ನೋಡಿ ನೋಡಿ ತಲಿ ಕೆಡಿಸ್ಕೊಂಡೀರಿ. ವೀಸಾ ಇಲ್ಲ, ರೊಕ್ಕ ಇಲ್ಲ, ಅದಕ್ಕ ಹೈದರಾಬಾದ್. ಹೌದಲ್ಲೋ? ಇರಲಿ, ಬ್ಯಾಗಿನ ಜಿಪ್ ಸ್ವಲ್ಪ ತೆಗೀರಿ ನೋಡೋಣು. ಮ್ಯಾಲ ಪವರ್ ಬ್ಯಾಂಕು, ನಡುವ ಅವ್ವ ತುರುಕಿದ ಶೇಂಗಾ ಚಟ್ನಿ, ಖಡಕ್ ರೊಟ್ಟಿ, ತಳಕ್ಕ "ಫೋಟೊಕ್ಕ ಬೇಕಾಗ್ತಾವ" ಅಂತ ಇಟ್ಟ ಶರ್ಟಿನ ಗಂಟು. ಒಂದು ದಿನದ ಟೂರಿಗೆ ಇದು!

ಇನ್ನ ಪ್ಲಾನ್ ಮಾಡೋ ದೋಸ್ತ. (ಅವ ನೀವೇ ಆಗಿದ್ರ ತಲಿ ಕೆಳಗ ಹಾಕ್ರಿ, ನಾ ನೋಡಂಗಿಲ್ಲ.) ಎಕ್ಸೆಲ್ ಶೀಟ್ ಮಾಡ್ಯಾನ. ಆರೂವರಿಗೆ ಚಾರ್‌ಮಿನಾರ್, ಏಳೂ ಮುಕ್ಕಾಲಿಗೆ ಮೆಕ್ಕಾ ಮಸೀದಿ, ಎಂಟಕ್ಕ ಮ್ಯೂಸಿಯಂ. ಒಂದೊಂದಕ್ಕ ಒಂದೊಂದು ಬಣ್ಣ. ಐದು ಮಂದಿ ಕೂಡಿ ಒಂದು ಬಾತ್‌ರೂಮಿಗೆ ಹೋಗಿ ಬರೋದಕ್ಕ ಎಷ್ಟೊತ್ತು ಹಿಡೀತದ ಅನ್ನೋ ಕಾಲಂ ಒಂದೇ ಇಲ್ಲ.

ಬೆಂಗಳೂರಿನ ರಾತ್ರಿ ರೈಲು ನಸುಕಿನಾಗ ನಿಮ್ಮನ್ನ ಕಾಚಿಗುಡಾದಾಗ ಇಳಸ್ತದ. 1916ರಾಗ ನಿಜಾಮರು ಕಟ್ಟಿಸಿದ ಸ್ಟೇಷನ್ನು, ಮ್ಯಾಲ ಗುಮ್ಮಟ. ಹಿಂದ ಹೊಳ್ಳಿ ನೋಡಿದ್ರೇನು? ಇಲ್ಲ. ಆಟೋ ಆ್ಯಪ್ ನೋಡ್ಲತ್ತೀರಿ. ಇದೇ ಕಾಚಿಗುಡಾದಾಗ ಕರ್ನಾಟಕ ಸಾಹಿತ್ಯ ಮಂದಿರ ಅದ, ನೃಪತುಂಗ ಶಾಲಿ ಅದ. ನೀವು ಮಾತ್ರ ಇದ್ದಬಿದ್ದ ಹಿಂದಿ ಎಲ್ಲಾ ಕೂಡಿಸಿ, "ಭಯ್ಯಾ, ಚಾರ್‌ಮಿನಾರ್ ಆತಾ ಕ್ಯಾ?" ಆಟೋದವ "ಪಾಸ್‌ಮೇಂಚ್ ಹೈ ಸಾಬ್, ಬೈಠೋ" ಅಂತಾನ. ಐದೂ ಮಂದಿ, ಐದೂ ಬ್ಯಾಗು ಒಂದೇ ಆಟೋದಾಗ. ಉಳಿಸಿದ ಎರಡನೇ ಆಟೋದ ರೊಕ್ಕ ಮುಂದ ಎಲ್ಲಿ ಹೋಗ್ತದ, ನೋಡ್ಕೋತ ಇರ್ರಿ.

ಆರೂವರಿಗೆ ಚಾರ್‌ಮಿನಾರ್ ಮುಂದ ನಿಂತ್ರಿ. ಟಿಕೆಟ್ ಕಿಟಕಿ ತೆರೆದಿಲ್ಲ. (1591ರಿಂದ ನಿಂತಿರೋ ಕಟ್ಟಡ, ನಿಮ್ಮ ಶೀಟಿನ ಸಲುವಾಗಿ ಅವಸರ ಮಾಡ್ತದೇನು?) ಬಾಜೂಕೇ ನಿಮ್ರಾ ಕೆಫೆ ಅದ, ಹೋಗ್ರಿ. ಇರಾನಿ ಚಾದಾಗ ಹಾಲು ಬ್ಯಾರೆ ಕುದೀತದ, ಚಾ ಬ್ಯಾರೆ ಕುದೀತದ. ಕಪ್ಪಿನಾಗಷ್ಟೇ ಎರಡೂ ಕೂಡ್ತಾವ. ಜೋಡಿಗೆ ಕಡೀ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರಿನ ಉಸ್ಮಾನಿಯಾ ಬಿಸ್ಕಿಟು, ಅರ್ಧ ಉಪ್ಪು, ಅರ್ಧ ಸಿಹಿ. ಶುಗರ್ ಕಟ್ ಮಾಡೀನಿ ಅಂದವ ಎಷ್ಟು ತಿಂದ ಅಂತ ನೀವೂ ಎಣಸಬ್ಯಾಡ್ರಿ, ಅವನೂ ಎಣಸಂಗಿಲ್ಲ.

ಕಿಟಕಿ ತೆರೀತು. 149 ಮೆಟ್ಟಿಲು, ಸುರುಳಿ, ಇಕ್ಕಟ್ಟು, ಬೆನ್ನ ಮ್ಯಾಲ ಆ ಶರ್ಟಿನ ಗಂಟು. ದಿನಾ ಜಿಮ್ಮಿಗೆ ಹೋಗಾಂವನೇ ಮೊದಲು ನಿಂತ. ಯಾಕಲೇ ಅಂದ್ರ "ವ್ಯೂ ನೋಡ್ಲತ್ತೀನಿ." (ಸುರುಳಿ ಮೆಟ್ಟಿಲಿನ ನಡುವ ಏನು ವ್ಯೂ ಇರ್ತದ, ನೀವೇ ಹೇಳ್ರಿ.)

ಕೆಳಗ ಇಳಿದ್ರ ಲಾಡ್ ಬಜಾರ್. ಅರಗಿನ ಬಳಿ. ಬಿಸಿ ಇರೂವಾಗೇ ತೀಡಿ, ದುಂಡು ಮಾಡಿ, ಒಂದೊಂದೇ ಹರಳು ಕೈಲೇ ಕೂರಸ್ತಾರ. 2024ರಾಗ ಜಿಐ ಟ್ಯಾಗೂ ಸಿಕ್ಕದ. ನೀವು ಅಂಗಡಿಯಂವನ ಮುಂದ ಹಿಂದಿ, ನಿಮ್ಮ ನಿಮ್ಮೊಳಗ ಕನ್ನಡ. "ಇನ್ನೂ ಐವತ್ತು ಇಳಸಲೇ, ಮಾರಿ ನೋಡು, ಕೊಡ್ತಾನ." ಅಂಗಡಿಯಂವ ತಲಿ ಎತ್ತಲಾರದೇ ಅಂತಾನ: "ಕೊಡಂಗಿಲ್ರೀ. ನಮ್ಮವ್ವ ಬೀದರದಾಕಿ."

ಈಗ ಹೇಳ್ರಿ, ಆ ಬಳಿ ತಗೊಳ್ಳಲಾರದೇ ಹೊರಗ ಬರೋ ಧೈರ್ಯ ಅದನೇನು ನಿಮಗ? ಅವ ಹೇಳಿದಷ್ಟೇ ಕೊಟ್ಟು, ಮ್ಯಾಲ "ಬರ್ತೀವ್ರಿ ಅಣ್ಣಾ" ಅಂತ ಹೇಳಿ ಬಂದ್ರಿ. ಅಲ್ಲಿಗೆ ಎರಡನೇ ಆಟೋದ ರೊಕ್ಕ ಮುಗೀತು.

ಮ್ಯೂಸಿಯಂ ಅಂದ್ರ ಸಾಲಾರ್‌ಜಂಗ್. (ಲಾಂಗ್ ವೀಕೆಂಡ್ ಅಂತ ಶುಕ್ರವಾರ ಹೋಗಿ ಮುಚ್ಚಿದ ಗೇಟಿನ ಮುಂದ ಸೆಲ್ಫಿ ತಗೊಂಡವ್ರ ಸಂಘ ಒಂದು ಕಟ್ಟಬೇಕು ನೋಡ್ರಿ.) ಬ್ಯಾಗು ಕ್ಲೋಕ್‌ರೂಮಿನಾಗ ಇಡ್ರಿ ಅಂತಾರ. ಇಟ್ಟ ಮ್ಯಾಲೇ ನಿಮ್ಮ ಬೆನ್ನು ನೆಟ್ಟಗಾಗೋದು. ಒಳಗ ಇಟಲಿಯ ಬೆಂಜೋನಿ ಕಡೆದ ಮುಸುಕಿನ ರೆಬೆಕ್ಕಾ ನಿಂತಾಳ, 1876ರಾಗ ಮೊದಲ್ನೇ ಸಾಲಾರ್‌ಜಂಗ್ ರೋಮಿನಿಂದ ತಂದಿದ್ದು. ಮುಸುಕೂ ಕಲ್ಲೇ, ಮುಸುಕಿನ ಹಿಂದಿನ ಮಾರಿನೂ ಕಲ್ಲೇ. ಅದನ್ನ ನೋಡಿ ನೀವೇನಂದ್ರಿ? "ಲೈಟಿಂಗ್ ಕಡಿಮಿ ಆತು."

ಖರೇ ಜಾತ್ರಿ ಇರೋದು ಗಡಿಯಾರದ ಮುಂದ. ತಾಸಿಗೊಮ್ಮೆ ಸಣ್ಣ ಬಾಗಿಲು ತೆಗೆದು ಗಡ್ಡದ ಮುದುಕ ಒಬ್ಬ ಹೊರಗ ಬರ್ತಾನ, ಎಷ್ಟು ಗಂಟೆನೋ ಅಷ್ಟು ಸಲ ಗಂಟಿ ಬಾರಸ್ತಾನ, ಸುಮ್ನ ಒಳಗ ಹೋಗ್ತಾನ. ಅಷ್ಟೇ. ಇದಕ್ಕ ಮಂದಿ ಸಾಲು ಹಿಡಿದು ಕೂತಿರ್ತಾರ. ನಗಬ್ಯಾಡ್ರಿ! ನೀವು ಜೊಲ್ಲು ಸುರಿಸಿದ ಪ್ರಾಗ್‌ನಾಗೂ ಇದೇ ಕತಿ. 1410ರ ಗಡಿಯಾರ, ತಾಸಿಗೊಮ್ಮೆ ಯೇಸುವಿನ ಶಿಷ್ಯರು ಕಿಟಕ್ಯಾಗ ಹಾದು ಹೋಗ್ತಾರ, ಕೆಳಗ ಚೌಕದಾಗ ಮಂದಿ ಕುತ್ತಿಗಿ ನೋಯೋತನಕ ನಿಂತಿರ್ತಾರ. ಅಲ್ಲಿ ಕೂಡ್ಲಾಕ ಜಾಗ ಸಿಗಂಗಿಲ್ಲ, ಇಲ್ಲಿ ಸಿಗ್ತದ. ಫರಕ್ ಅಷ್ಟೇ.

ಹನ್ನೆರಡಕ್ಕ ಹೋದ್ರ ಹನ್ನೆರಡು ಏಟು, ಪೂರಾ ವಸೂಲಿ. ನೀವು ಮುಟ್ಟಿದಾಗ ಮುದುಕ ಆಗ್ಲೇ ಒಳಗ ಹೋಗಿ ಬಾಗಿಲು ಹಾಕ್ಕೊಂಡಿದ್ದ. ಪ್ಲಾನ್ ದೋಸ್ತ "ನಡೀರಿ, ಲೇಟಾತು" ಅಂದ. ಯಾರೂ ಏಳಲಿಲ್ಲ. ಕಾಲು ಸತ್ತಿದ್ವು, ಬೆಂಚು ಸಿಕ್ಕಿತ್ತು. ಒಂದು ತಾಸು ಕೂತ್ರಿ ಅಲ್ಲೇ. ಫೋನಿನಾಗ ಚಾರ್ಜು ಉಳಿಸಬೇಕು, ಪವರ್ ಬ್ಯಾಂಕು ಕ್ಲೋಕ್‌ರೂಮಿನ್ಯಾಗ. ಮಾತಾಡದೇ ಗತಿ ಇಲ್ಲ. ಒಬ್ಬ ನೌಕರಿ ಬಿಟ್ಟು ಎಷ್ಟೋ ದಿನ ಆಗಿತ್ತಂತ, ಮನ್ಯಾಗ ಹೇಳಿಲ್ಲಂತ. ಇನ್ನೊಬ್ಬಗ ಕನ್ಯಾ ಗೊತ್ತಾಗ್ಯಾದಂತ, ಗ್ರೂಪಿನಾಗ ಹೇಳ್ಲಾಕ ನಾಚಿಕಿ ಅಂತ. ದಿನಾ ನೂರು ಗುಡ್ ಮಾರ್ನಿಂಗ್ ಕಳಸೋ ಗ್ರೂಪು ಅದು!

ಒಂದು ಗಂಟಿ ಆತು. ಮುದುಕ ಬಂದ, ಒಂದೇ ಏಟು ಹೊಡೆದ, ಹೋದ. ನಿಮ್ಮ ವಿಡಿಯೊದಾಗ ಮುಂದಿನ ಸಾಲಿನವ್ರ ತಲಿ ಭಾಳ ಛಲೋ ಬಂದದ.

ಊಟದ ಬಗ್ಗೆ ಜಾಸ್ತಿ ಹೇಳಂಗಿಲ್ಲ, ಬಿರ್ಯಾನಿ ಮಾತು ತೆಗೆದ್ರ ಜಗಳ ಹತ್ತತದ. ಹಸೀ ಮಾಂಸ ಮಸಾಲಿಯಾಗ ನೆನೆಸಿ, ಮ್ಯಾಲ ಅರ್ಧ ಬೆಂದ ಅಕ್ಕಿ ಹಾಕಿ, ಹಿಟ್ಟಿನಿಂದ ಬಾಯಿ ಮುಚ್ಚಿ ದಮ್ ಕೊಡ್ತಾರ. ಮೊದಲ್ನೇ ತುತ್ತಿಗೇ "ನಮ್ಮ ದೊನ್ನೆ ಬಿರ್ಯಾನಿ ಮುಂದ..." ಅಂತ ಶುರು ಮಾಡಿದವ್ರು ಯಾರು? (ಕೈ ಎತ್ತಬ್ಯಾಡ್ರಿ, ಗೊತ್ತಾತು.) ಮಾಂಸ ತಿನ್ನಲಾರದ ದೋಸ್ತ ಮಾತ್ರ ಸದ್ದಿಲ್ಲದೇ ಬ್ಯಾಗಿನಿಂದ ಖಡಕ್ ರೊಟ್ಟಿ ತೆಗೆದು, ನಾಕು ರೊಟ್ಟಿಗೆ ಸಾಕಾಗೋಷ್ಟು ಮಿರ್ಚಿ ಕಾ ಸಾಲನ್ ಸುರಕೊಂಡ. ಆಮ್ಯಾಲ ಎಲ್ಲರ ಕೈ ಎಲ್ಲಿಗೆ ಹೋದ್ವು? ಅವನ ತಾಟಿಗೇ.

ಸಂಜಿಗೆ ಗೋಲ್ಕೊಂಡ. ಫತೇ ದರ್ವಾಜಾದ ಗುಮ್ಮಟದ ಕೆಳಗ ಚಪ್ಪಾಳಿ ಹೊಡೆದ್ರ ಮ್ಯಾಲ ಬಾಲಾ ಹಿಸ್ಸಾರದಾಗ ಕೇಳಸ್ತದ. ಭಾಳ ದೊಡ್ಡ ವಿದ್ಯಾ. ಐದೂ ಮಂದಿ ಹೊಡೆದ್ರಿ. ಮ್ಯಾಲ ಹತ್ತಿ ಕೇಳಾವ್ರು ಯಾರು? ಗುಡ್ಡ ನೋಡಿದ್ರಿ, ಒಬ್ಬರ ಮಾರಿ ಒಬ್ಬರು ನೋಡಿದ್ರಿ, "ಕೇಳಸ್ತದಂತ, ಗೂಗಲ್ಲಿನಾಗ ಅದ" ಅಂದ್ರಿ.

ಆದ್ರ ರಾಮದಾಸರ ಸೆರೆಮನಿ ತನಕರ ಹತ್ತಲೇಬೇಕು. ಭದ್ರಾಚಲದ ತಹಶೀಲ್ದಾರ ಕಂಚರ್ಲ ಗೋಪಣ್ಣನೇ ಈ ರಾಮದಾಸ. ಸರ್ಕಾರದ ಕಂದಾಯದ ರೊಕ್ಕ ತಗೊಂಡು ರಾಮನ ಗುಡಿ ಕಟ್ಟಿಸಿದ ಅಂತ ಸುಲ್ತಾನ ತಾನಾಷಾ 12 ವರ್ಷ ಒಳಗ ಹಾಕಿದ್ದನಂತ. ಈ ಕತಿ ಕೇಳೂವಾಗ ನಿಮ್ಮ ಗುಂಪಿನ ಖಜಾಂಚಿ ಮಾರಿ ನೋಡಬೇಕು! ಮುಂಜಾನಿಂದ ಎಲ್ಲರ ಕಡಿಂದ ರೊಕ್ಕ ಕೂಡಿಸಿದವ, ಲೆಕ್ಕ ಕೇಳಿದ್ರ "ಆಮ್ಯಾಲ ಆಮ್ಯಾಲ" ಅನ್ನಾವ. ಅಲ್ಲೇ ನಿಂತು ಫೋನ್ ತೆಗೆದು ಎಲ್ಲರಿಗೂ ಲೆಕ್ಕ ಕಳಿಸಿದ ನೋಡ್ರಿ. ಗುಡಿ ಕಟ್ಟಿಸಿರಲಿಲ್ಲ ಪಾಪ, ನಿಮ್ಮ ಚಾದ ಬಿಲ್ಲೇ ಅಷ್ಟಾಗಿತ್ತು.

ಕೋಟ್ಯಾಗ ಲೈಟ್ ಶೋ ಇರ್ತದ. ಬಿಟ್ರಿ. ಹುಸೇನ್ ಸಾಗರದ ಬುದ್ಧನ್ನೂ ಬಿಟ್ರಿ. ಯಾಕಂದ್ರ ಮೊಅಜ್ಜಂ ಜಾಹಿ ಮಾರ್ಕೆಟ್ಟಿಗೆ ಹೋಗಿ, 1953ರಿಂದ ನಡದಿರೋ ಕರಾಚಿ ಬೇಕರಿಯಾಗ ಫ್ರೂಟ್ ಬಿಸ್ಕಿಟ್ ತಗೋಬೇಕು. ಮನಿಗೊಂದು, ಆಫೀಸಿಗೊಂದು, ಬಾಜೂ ಮನಿ ಆಂಟಿಗೊಂದು. (ಆಂಟಿ ಡಬ್ಬಿ ತಿರುಗಿಸಿ ನೋಡಿ "ಅಯ್ಯ, ಇದು ಬೆಂಗಳೂರಿನಲ್ಲೇ ಸಿಗುತ್ತಲ್ಲಪ್ಪ" ಅಂತಾರ, ತಯಾರಾಗಿರ್ರಿ.) ಬ್ಯಾಗಿನಾಗ ಜಾಗ ಇಲ್ಲ. ಶರ್ಟು ಹೊರಗ ತೆಗೆದು ಸೊಂಟಕ್ಕ ಕಟ್ಕೊಂಡ್ರಿ.

ರೈಲು ಮಹಬೂಬ್‌ನಗರ ದಾಟೋದ್ರೊಳಗ ಒಂದು ಡಬ್ಬಿ ಖಾಲಿ. ಮೊದಲು ಒಡೆದವ್ರು ಯಾರು ಅಂತ ನಾ ಕೇಳಂಗಿಲ್ಲ. ಅದರಾಗ ಆಫೀಸಿನ ಡಬ್ಬಿನೇ ಒಡೆದೀರಿ, ಮನೀದಲ್ಲ. ನಾಳಿ ಮ್ಯಾನೇಜರ್ ಕೇಳಿದ್ರ "ಸ್ಟಾಕ್ ಇರಲಿಲ್ಲ ಸರ್" ಅಂತೀರಿ ಹೌದಿಲ್ಲೋ? ಅನ್ರಿ, ಅನ್ರಿ. ತುಟಿಗೆ ಹತ್ತಿದ ಪುಡಿ ಒಂದಿಷ್ಟು ಒರಸ್ಕೊಂಡು ಅನ್ರಿ.